ಗಾಂಜಾ ಘಾಟು, ಕಪ್ಪು ಕೈಯಲ್ಲಿನ ಬಂದೂಕು

ಅಮೆರಿಕದಲ್ಲಿ ಅಂಗಡಿಯಿಂದ ಬಂದೂಕು ಕೊಳ್ಳೋರು 4473 ಅನ್ನೋ ಫಾರಂ ತುಂಬಬೇಕು. ಗಾಂಜಾ ಸೇದ್ತೀಯಾ ಅಂತ ಅದರಲ್ಲಿ ಕೇಳ್ತಾರೆ. ಹೌದು ಅಂದ್ರೆ ಬಂದೂಕಿಲ್ಲ, ಸುಳ್ಳು ಬರೆದ್ರೆ ಜೈಲು. ಎಷ್ಟೋ ರಾಜ್ಯಗಳು ಗಾಂಜಾಗೆ ಅನುಮತಿ ಕೊಟ್ಟಿವೆ. ಆದ್ರೆ ಬಂದೂಕಿನ ಮಾತು ಬಂದಾಗ ನಡೆಯೋದು 1968ರ ಕೇಂದ್ರ ಕಾಯ್ದೆ. ಈ ಕಲಂ ಅಲ್ಲಿನ ಸಂವಿಧಾನಕ್ಕೆ ಒಪ್ಪುತ್ತಾ ಅನ್ನೋ ಪ್ರಕರಣವನ್ನ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೈಗೆತ್ತಿಕೊಂಡಿತು.

ನಮಗ್ಯಾಕೆ ಈ ಉಸಾಬರಿ ಅಂತ ಗೆಳೆಯರೊಬ್ಬರು ಕೇಳಿದ್ರು. ಹೇಳ್ತೀನಿ.

ನಾನು ಬಂದೂಕಿನ ಪರವೂ ಅಲ್ಲ, ಗಾಂಜಾದ ಪರವೂ ಅಲ್ಲ. ಅಮಲಿನಲ್ಲಿರೋನ ಕೈಗೆ ಬಂದೂಕು ಕೊಡಬಾರದು, ಸರಿ. ಆದ್ರೆ ಈ ಕಲಂ ಹೆಂಡಕ್ಕೆ ಅನ್ವಯಿಸಲ್ಲ! ದಿನಾ ಸಂಜೆ ಬಾಟ್ಲಿ ಖಾಲಿ ಮಾಡೋನು ಹತ್ತು ಬಂದೂಕು ಇಟ್ಕೋಬಹುದು. ಅಂದ್ಮೇಲೆ ಇದು ಅಮಲಿನ ಪ್ರಶ್ನೆ ಮಾತ್ರ ಅಲ್ಲ. ಕಪ್ಪು ಜನ, ಬಿಳಿ ಜನ ಗಾಂಜಾ ಸೇದೋ ಪ್ರಮಾಣ ಹೆಚ್ಚುಕಡಿಮೆ ಒಂದೇ. ಬಂಧನ ಮಾತ್ರ ಕಪ್ಪು ಜನಕ್ಕೆ ಮೂರೂವರೆ ಪಟ್ಟು ಜಾಸ್ತಿ.

ಫಿಲಾಂಡೊ ಕ್ಯಾಸ್ಟೀಲ್ ಹೆಸರು ಕೇಳಿದ್ದೀರಾ? ಮಿನೆಸೋಟದ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡ್ತಿದ್ದ ಕಪ್ಪು ಯುವಕ. ಯಾವ ಮಗುಗೆ ಯಾವ ಊಟ ಆಗಲ್ಲ ಅಂತ ನೆನಪಿಟ್ಟುಕೊಳ್ತಿದ್ದ. 2016ರ ಜುಲೈ 6ರಂದು ಪೊಲೀಸರು ಅವನ ಕಾರು ತಡೆದ್ರು. ತನ್ನ ಹತ್ರ ಬಂದೂಕಿದೆ ಅಂತ ಮರ್ಯಾದೆಯಿಂದಲೇ ಹೇಳಿದ. ಅದಕ್ಕೆ ಪರವಾನಗಿಯೂ ಇತ್ತು. ಪೊಲೀಸು ಏಳು ಗುಂಡು ಹಾರಿಸಿದ. ಹಿಂದಿನ ಸೀಟಲ್ಲಿ ನಾಲ್ಕು ವರ್ಷದ ಹೆಣ್ಣುಮಗು ಕೂತಿತ್ತು. ಗಾಂಜಾ ವಾಸನೆ ಬಂತು, ಅದಕ್ಕೇ ಭಯ ಆಯ್ತು ಅನ್ನೋದು ಆ ಪೊಲೀಸಿನ ಸಮಜಾಯಿಷಿ. 2017ರಲ್ಲಿ ಜ್ಯೂರಿ ಅವನನ್ನ ಬಿಟ್ಟುಬಿಟ್ಟಿತು. ಬಂದೂಕಿನ ಹಕ್ಕು ಅಂತ ದಿನಬೆಳಗಾದ್ರೆ ಕೂಗೋ ಎನ್‌ಆರ್‌ಎ ಸಂಘಟನೆಯ ವಕ್ತಾರೆ ಆಗ ಹೇಳಿದ್ದೇನು ಗೊತ್ತಾ? ಗಾಂಜಾ, ಬಂದೂಕು ಎರಡೂ ಒಟ್ಟಿಗಿದ್ವು, ಅದು ಕಾನೂನುಬಾಹಿರ ಅಂತ.

ಈ ಮಾತು ನನ್ನ ಕಿವಿಗೆ ಹೊಸದಲ್ಲ. ನಮ್ಮ ಕೇರಿ ಹುಡುಗನೊಬ್ಬನ ಹೆಣ ಶವಾಗಾರದಲ್ಲಿತ್ತು. ನಾವು ಏಳೆಂಟು ಜನ ಹೊರಗೆ ಕಾಯ್ತಿದ್ವಿ. ಹೊಡೆದೋರು ಯಾರು ಅಂತ ಯಾರೂ ಕೇಳಲಿಲ್ಲ. 'ಕುಡಿದಿದ್ನಾ?' ಅಂತ ಅವರವ್ವನನ್ನ ಮೂರು ಸಲ ಕೇಳಿದ್ರು. ಆಯಮ್ಮ ಮೂರು ಸಲವೂ ಇಲ್ಲ ಸಾಮಿ ಅಂದ್ಳು.

1936ರ 'ಜಾತಿ ವಿನಾಶ'ದಲ್ಲೇ ಬಾಬಾಸಾಹೇಬರು ಈ ಬೇರಿಗೆ ಕೈ ಹಾಕಿದ್ರು. ಕೆಳಗಿನವರು ದಂಗೆ ಏಳಲಿಲ್ಲ ಯಾಕೆ ಅಂದ್ರೆ ಚಾತುರ್ವರ್ಣ್ಯ ಅವರ ಕೈಯಿಂದ ಆಯುಧ, ವಿದ್ಯೆ ಎರಡನ್ನೂ ಕಿತ್ಕೊಂಡಿತ್ತು. ಅಮೆರಿಕದಲ್ಲೂ ಗುಲಾಮರಿಗೆ ಬಂದೂಕು ನಿಷಿದ್ಧವಿತ್ತು. 1967ರಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಬಂದೂಕು ಹಿಡಿದು ಕ್ಯಾಲಿಫೋರ್ನಿಯಾದ ಶಾಸನಸಭೆಗೆ ನುಗ್ಗಿದ್ರು. ಕೆಲವೇ ತಿಂಗಳಲ್ಲಿ ಗುಂಡು ತುಂಬಿದ ಬಂದೂಕನ್ನ ಬಹಿರಂಗವಾಗಿ ಹೊತ್ತು ತಿರುಗೋದಕ್ಕೆ ಅಲ್ಲಿ ನಿಷೇಧ ಬಂತು. ಸಹಿ ಹಾಕಿದ್ದು ಆಗಿನ ಗವರ್ನರ್ ರೇಗನ್. ಅದೇ ಪ್ಯಾಂಥರ್ಸ್ ಹೆಸರನ್ನ 1972ರಲ್ಲಿ ಮುಂಬೈನ ನಮ್ಮ ಹುಡುಗರು ತಮ್ಮದಾಗಿಸಿಕೊಂಡ್ರು.

ಗಾಂಜಾ ಕಲಂ ಬಿದ್ದುಹೋದ್ರೂ ಕಪ್ಪು ಜನ ಬದುಕಿಕೊಳ್ತಾರೆ ಅನ್ನೋ ಭ್ರಮೆ ನನಗಿಲ್ಲ. ಕ್ಯಾಸ್ಟೀಲ್ ಹತ್ರ ಪರವಾನಗಿ ಇರಲಿಲ್ವಾ?

2023ರಲ್ಲಿ ಮಿನೆಸೋಟ ಗಾಂಜಾ ಸೇದೋದನ್ನ ಕಾನೂನುಬದ್ಧ ಮಾಡಿತು. ಬರೀ ಗಾಂಜಾ ವಾಸನೆ ಬಂತು ಅಂತ ಕಾರು ಜಪ್ತಿ ಮಾಡಿ ಹುಡುಕೋ ಹಾಗಿಲ್ಲ ಅಂತ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಕ್ಯಾಸ್ಟೀಲ್ ಸತ್ತು ಆಗಲೇ ಏಳು ವರ್ಷ ಆಗಿತ್ತು.