ವೂಸ್ಟರ್ ಬೀದಿಯ ಒಲೆ

ಹೋದ ವರ್ಷ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಒಂದು ಹೋಂವರ್ಕ್ ಕೊಟ್ಟಿದ್ದರು: ನಿಮ್ಮ ಊರಿನ ಒಂದು ಹಳೆಯ ಅಂಗಡಿಯ ಬಗ್ಗೆ ಹತ್ತು ಸಾಲು ಬರೆಯಿರಿ. "ನಮ್ಮೂರು ಅಂದ್ರೆ ಯಾವ್ದು, ಕಡೂರಾ ನ್ಯೂ ಹೇವನ್ನಾ?" ಎಂದು ಮಗಳು ಕೇಳಿದಳು. ಕಡೂರಿನಲ್ಲಿ ತಾತನ ಹೋಟೆಲ್ ಇತ್ತು, ಈಗಿಲ್ಲ, ಇಲ್ಲಿಯದನ್ನೇ ಬರಿ ಎಂದೆವು. "ತಾತನ ಹೋಟೆಲ್ ಯಾಕೆ ಮುಚ್ಚಿದ್ದು?" ಎಂದಳು. ಮೊದಲು ಹೋಂವರ್ಕ್ ಮುಗಿಸು ಎಂದು ಗದರಿಬಿಟ್ಟೆವು!

ಹಾಗೆ ಅವಳು ಬರೆದದ್ದು ವೂಸ್ಟರ್ ಬೀದಿಯ ಫ್ರಾಂಕ್ ಪೆಪೆ ಪಿಜ್ಜಾ ಅಂಗಡಿಯ ಬಗ್ಗೆ. ಹತ್ತು ಸಾಲಿನಲ್ಲಿ ಹಿಡಿಸದೆ ಉಳಿದದ್ದನ್ನು ನಾವು ಇಲ್ಲಿ ಬರೆಯುತ್ತಿದ್ದೇವೆ.

ಫ್ರಾಂಕ್ ಪೆಪೆ ಇಟಲಿಯ ಅಮಾಲ್ಫಿ ಕರಾವಳಿಯ ಮಾಯೋರಿ ಎಂಬ ಊರಿನಿಂದ 1909ರಲ್ಲಿ, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ, ನ್ಯೂ ಹೇವನ್‌ಗೆ ಬಂದವರು. ಕಾರ್ಖಾನೆಯಲ್ಲಿ ದುಡಿದರು. ಮೊದಲ ಮಹಾಯುದ್ಧ ಶುರುವಾದಾಗ ತಮ್ಮ ದೇಶಕ್ಕಾಗಿ ಹೋರಾಡಲು ಇಟಲಿಗೆ ವಾಪಸು ಹೋದರು. ಯುದ್ಧ ಮುಗಿದ ಮೇಲೆ ಹೆಂಡತಿ ಫಿಲೊಮಿನಾ ಜೊತೆ ಮತ್ತೆ ಇಲ್ಲಿಗೇ ಬಂದರು. ಮತ್ತೆ ಕಾರ್ಖಾನೆಗೆ ಹೋಗಲು ಮನಸ್ಸಾಗಲಿಲ್ಲ. ವೂಸ್ಟರ್ ಬೀದಿಯಲ್ಲೇ ಮ್ಯಾಕರೋನಿ ಮಾಡುವ ಕೆಲಸ, ಆಮೇಲೆ ಒಂದು ಬ್ರೆಡ್ ಬೇಕರಿಯಲ್ಲಿ ಕೆಲಸ. ಅಲ್ಲಿ ಸುಟ್ಟ ಟೊಮೆಟೊ ಪಿಜ್ಜಾಗಳನ್ನು ತಲೆಯ ಮೇಲೆ ಹೊತ್ತು ಮಾರುಕಟ್ಟೆಯಲ್ಲಿ ಮಾರುತ್ತಿದ್ದರಂತೆ, ನಮ್ಮ ಕಡೆ ಸೊಪ್ಪಿನವರು ಬುಟ್ಟಿ ಹೊತ್ತು ಬೀದಿ ಸುತ್ತುವ ಹಾಗೆ. ನಾಲ್ಕು ಕಾಸು ಕೂಡಿಸಿ ಒಂದು ಗಾಡಿ ಕೊಂಡರು. 1925ರಲ್ಲಿ ತಾವು ಕೂಲಿಗಿದ್ದ ಆ ಬೇಕರಿಯನ್ನೇ ವಹಿಸಿಕೊಂಡು ಪಿಜ್ಜಾ ಅಂಗಡಿ ಮಾಡಿದರು. 1930ರ ದಶಕದಲ್ಲಿ ಕಟ್ಟಡದ ಮಾಲೀಕರು ತಾವೇ ಅಂಗಡಿ ಇಡುತ್ತೇವೆಂದು ಜಾಗ ಬಿಡಿಸಿದಾಗ ಪಕ್ಕದ ಕಟ್ಟಡವನ್ನು ಕೊಂಡು ಅಲ್ಲಿಗೆ ಹೋದರು. ಎಷ್ಟೋ ವರ್ಷಗಳ ನಂತರ ಆ ಹಳೆಯ ಜಾಗವೂ ಪೆಪೆ ಮನೆತನಕ್ಕೇ ಬಂತು ಅನ್ನುವುದು ಬೇರೆ ಮಾತು.

ಇಲ್ಲಿ ಪಿಜ್ಜಾಕ್ಕೆ 'ಅಬೀಟ್ಸ್' ಎನ್ನುತ್ತಾರೆ, ಮೊಜರೆಲ್ಲಾ ಚೀಸಿಗೆ 'ಮೂಟ್ಸ್'. ನೇಪಲ್ಸ್ ಕಡೆಯ ಆಡುಮಾತು ಮೂರ್ನಾಲ್ಕು ತಲೆಮಾರು ಕಳೆದರೂ ಹಾಗೇ ಉಳಿದಿದೆ. (ನಮ್ಮ ಮಕ್ಕಳ ಬಾಯಲ್ಲಿ 'ಬಂದ್ಯಾ, ಹೋದ್ಯಾ' ಇನ್ನೆಷ್ಟು ತಲೆಮಾರು ಇರುತ್ತದೋ!) ಹಳೆಯ ಪದ್ಧತಿಯ ಟೊಮೆಟೊ ಪಿಜ್ಜಾದಲ್ಲಿ ಮೂಟ್ಸ್ ಇರುವುದಿಲ್ಲ, ಬೇಕಾದರೆ ಕೇಳಿ ಹಾಕಿಸಿಕೊಳ್ಳಬೇಕು. ಕಲ್ಲಿದ್ದಲಿನ ಒಲೆಯಾದ್ದರಿಂದ ಅಂಚು ಅಲ್ಲಲ್ಲಿ ಕಪ್ಪಗಾಗಿರುತ್ತದೆ. ಮೊದಲ ಸಲ ತಿಂದಾಗ ಸೀದು ಹೋಗಿದೆ ಎಂದುಕೊಂಡು ಅಂಚನ್ನೆಲ್ಲ ಕಿತ್ತು ಪಕ್ಕಕ್ಕಿಟ್ಟಿದ್ದೆವು. ಈಗ ಅದಕ್ಕೇ ಮನೆಯಲ್ಲಿ ಜಗಳ.

2015ರ ಬೇಸಿಗೆಯಲ್ಲಿ ತಾತ ಬಂದಾಗ ಅವರನ್ನೂ ಕರೆದುಕೊಂಡು ಹೋದೆವು. ಬಾಗಿಲ ಹೊರಗೆ ಮುಕ್ಕಾಲು ಗಂಟೆ ಕ್ಯೂ. ಒಳಗೆ ಕೂತ ಮೇಲೆ ತಾತನ ಮೊದಲ ಪ್ರಶ್ನೆ, "ಚಿಪ್ಪುಮೀನಿನ ಪಿಜ್ಜಾನೂ ಅದೇ ಹಲಗೆ ಮೇಲೆ ತೆಗೀತಾರಾ?" ಹೌದೆಂದೆವು. ತಾತ ಪಿಜ್ಜಾ ಮುಟ್ಟಲಿಲ್ಲ. ಪಕ್ಕದ ಈಸ್ಟ್ ಹೇವನ್‌ನಲ್ಲಿ 1922ರಲ್ಲಿ ಶುರುವಾದ ಫಾಕ್ಸನ್ ಪಾರ್ಕ್ ಸೋಡಾ ಕುಡಿಯುತ್ತಾ ಒಲೆಯನ್ನೇ ನೋಡುತ್ತಾ ಕೂತರು. ಒಬ್ಬ ಹುಡುಗ ಉದ್ದ ಹಿಡಿಯ ಮರದ ಹಲಗೆಯಲ್ಲಿ ಒಂದನ್ನು ಒಳಗೆ ತಳ್ಳಿ, ಇನ್ನೊಂದನ್ನು ತಿರುಗಿಸಿ, ಮತ್ತೊಂದನ್ನು ಹೊರಗೆ ಎಳೆಯುತ್ತಿದ್ದ. "ಗಡಿಯಾರಾನೇ ನೋಡ್ತಿಲ್ಲ ನೋಡಿ ಅವ್ನು" ಎಂದು ತಾತ ಮೆಚ್ಚಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಇವ್ರು ಹೋದ್ಮೇಲೆ ಅಂಗಡಿ ಯಾರು ನೋಡ್ಕೊಂಡ್ರು?" ಎಂದರು.

ಪೆಪೆ ತೀರಿಕೊಂಡದ್ದು 1969ರಲ್ಲಿ. ಹೆಣ್ಣುಮಕ್ಕಳಾದ ಎಲಿಜಬೆತ್ ಮತ್ತು ಸೆರಾಫಿನಾ ನಡೆಸಿದರು, ಆಮೇಲೆ ಮೊಮ್ಮಕ್ಕಳು ಎಂದೆವು. ತಾತ "ಓಹೋ" ಎಂದು ಸೋಡಾ ಬಾಟಲಿಯ ಮೇಲಿನ ಅಕ್ಷರಗಳನ್ನು ಓದತೊಡಗಿದರು.

ಮಗಳಿಗೆ ಅಂದು ಹೇಳದ ಉತ್ತರವನ್ನು ಇಲ್ಲಿ ಹೇಳಿಬಿಡುತ್ತೇವೆ. ತಾತನ ಹೋಟೆಲ್ ಕಡೂರು ಬಸ್ ನಿಲ್ದಾಣದ ಹತ್ತಿರ ಇತ್ತು. ಆರು ಬೆಂಚು, ಒಂದು ಗಲ್ಲಾ, ಸೌದೆ ಒಲೆ. ಬೆಳಗಿನ ಜಾವ ಚಿಕ್ಕಮಗಳೂರಿನ ಬಸ್ಸು ಬರುವ ಮೊದಲೇ ಇಡ್ಲಿ ಬೆಂದಿರುತ್ತಿತ್ತು. ಮಕ್ಕಳಲ್ಲಿ ಯಾರನ್ನೂ ಗಲ್ಲಾದ ಮೇಲೆ ಕೂರಿಸಲಿಲ್ಲ, ಓದಿ ಎಂದರು. ಓದಿದೆವು. ಒಬ್ಬರು ಬೆಂಗಳೂರಿಗೆ, ನಾವು ಇಲ್ಲಿಗೆ. 2003ರಲ್ಲಿ ಫೋನಿನಲ್ಲಿ, "ಈ ವಯಸ್ಸಲ್ಲಿ ಯಾಕೆ ಕಷ್ಟಪಡ್ತೀರಿ, ಕೊಟ್ಟುಬಿಡಿ" ಎಂದವರು ನಾವೇ. ಅವರ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ನಾವು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ಕಷ್ಟವೂ ಅದರಿಂದ ತಪ್ಪಿತು. ಹೋಟೆಲ್ ಕೊಂಡವರು ಒಲೆ ಒಡೆಸುವ ದಿನ ತಾತ ಬೇಕೆಂದೇ ಅರಸೀಕೆರೆಗೆ ಹೋಗಿ ಸಂಜೆಯವರೆಗೂ ಅಲ್ಲೇ ಇದ್ದರಂತೆ. ನಮಗೆ ಇದು ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ, ಬೇರೆಯವರಿಂದ.

ಪೆಪೆ ಅಂಗಡಿ 2006ರಲ್ಲಿ ಫೇರ್‌ಫೀಲ್ಡ್‌ನಲ್ಲಿ ಮೊದಲ ಶಾಖೆ ತೆರೆಯಿತು, ಈಗ ಹತ್ತಕ್ಕೂ ಹೆಚ್ಚು ಶಾಖೆಗಳಿವೆ. ಆದರೆ ಅದೇ ಬೀದಿಯಲ್ಲಿ ಇನ್ನೊಂದು ಪಿಜ್ಜಾ ಅಂಗಡಿ ಇದೆ, ಸ್ಯಾಲೀಸ್. ಪೆಪೆಯವರ ಅಕ್ಕತಂಗಿಯರಲ್ಲಿ ಒಬ್ಬರ ಮಗ ಸಾಲ್ವಟೋರೆ ಕನ್ಸೀಲ್ಯೊ 1938ರಲ್ಲಿ ಶುರುಮಾಡಿದ್ದು. ಅವರು ಹೋದ ಮೇಲೆ ಹೆಂಡತಿ ಫ್ಲೋ 2012ರಲ್ಲಿ ತೀರಿಕೊಳ್ಳುವವರೆಗೂ ಅಂಗಡಿಯನ್ನು ಬಿಡಲಿಲ್ಲ. 2017ರಲ್ಲಿ ಮನೆಯವರು ಅದನ್ನು ಹೊರಗಿನವರಿಗೆ ಮಾರಿದರು. ಹಾಗೆ ಮಾಡಬಾರದಿತ್ತು ಎನ್ನಲು ನಮಗಂತೂ ಬಾಯಿಲ್ಲ.

ಆ ಸುದ್ದಿಯನ್ನು ತಾತನಿಗೆ ಫೋನ್ ಮಾಡಿ ಹೇಳಿದೆವು. ಯಾರಿಗೆ ಕೊಟ್ಟರು, ಎಷ್ಟಕ್ಕೆ ಕೊಟ್ಟರು ಎಂದು ಕೇಳಬಹುದು ಎಂದುಕೊಂಡಿದ್ದೆವು.

"ಒಲೆ ಒಡೆದ್ರಾ?" ಎಂದರು.

"ಇಲ್ಲ, ಹಳೇ ಒಲೇನೇ ಇಟ್ಕೊಂಡಿದಾರೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯಿತೇನೋ ಎಂದುಕೊಂಡೆವು.

"ಮುಂದಿನ ಸಲ ಬಂದಾಗ ಅದನ್ನೂ ತೋರ್ಸಿ" ಎಂದರು ತಾತ.