ಪ್ರೊಸೆಸರಿಗೊಂದು ಮದರ್‌ಬೋರ್ಡು

ಕಂಪ್ಯೂಟರನ್ನು ಕೊಳ್ಳುವುದು ಬೇರೆ, ಕಟ್ಟಿಸುವುದು ಬೇರೆ. ಕೊಳ್ಳುವವರು ಅಂಗಡಿಗೆ ಹೋಗಿ, ಹಣವನ್ನೆಣಿಸಿಕೊಟ್ಟು, ಪೆಟ್ಟಿಗೆಯನ್ನು ಮನೆಗೆ ತರುವರು. ಅದರೊಳಗೆ ಏನೇನಿದೆಯೆಂಬ ಚಿಂತೆ ಅವರಿಗಿಲ್ಲ. ಕಟ್ಟಿಸುವವರ ಪಾಡು ಹಾಗಲ್ಲ. ಮನೆ ಕಟ್ಟಿಸುವವನು ಇಟ್ಟಿಗೆ, ಸುಣ್ಣ, ತೊಲೆ, ಬಾಗಿಲುಗಳನ್ನು ಒಂದೊಂದಾಗಿ ವಿಚಾರಿಸುವಂತೆ ಇವರೂ ಪ್ರತಿಯೊಂದು ಬಿಡಿಭಾಗವನ್ನೂ ವಿಚಾರಿಸಬೇಕು. ಮಿಕ್ಕ ಭಾಗಗಳನ್ನೆಲ್ಲ ಮುಂದೆ ಎಂದಾದರೊಂದು ದಿನ ಬಿಡಿಬಿಡಿಯಾಗಿ ಬದಲಾಯಿಸಿಕೊಳ್ಳಬಹುದು. ಪ್ರೊಸೆಸರು, ಮದರ್‌ಬೋರ್ಡು ಎಂಬ ಎರಡನ್ನು ಮಾತ್ರ ಕೂಡಿಸಿಯೇ ಆರಿಸಬೇಕು. ಮಿತವಾದ ಹಣದಲ್ಲಿ ಈ ಜೋಡಿಯನ್ನು ನಾವು ಹೇಗೆ ಹುಡುಕಿದೆವೆಂಬುದನ್ನು ವಾಚಕರ ಮುಂದಿಡುತ್ತೇವೆ. ವರಾನ್ವೇಷಣೆಯ ಅನುಭವವುಳ್ಳವರಿಗೆ ಇದು ತೀರ ಹೊಸದಾಗಿ ತೋರಲಾರದು.

ನಮ್ಮ ಮಗಳು ಮೆಕ್ಯಾನಿಕಲ್ ಇಂಜಿನಿಯರಿಂಗಿನ ಎರಡನೆಯ ವರ್ಷದಲ್ಲಿ ಓದುತ್ತಿರುವಳು. ಯಂತ್ರಭಾಗಗಳನ್ನು ರೂಪಿಸಲು ಅವಳಿಗೆ ಸಾಲಿಡ್‌ವರ್ಕ್ಸ್ ಎಂಬ ತಂತ್ರಾಂಶ ಬೇಕು; ಯಂತ್ರದಲ್ಲಿಯೇ ಸ್ಥಾಪಿಸಿಕೊಳ್ಳುವ ಅದರ ಆವೃತ್ತಿಯು ವಿಂಡೋಸಿನಲ್ಲಿ ಮಾತ್ರ ನಡೆಯತಕ್ಕದ್ದು. ಮನೆಯಲ್ಲಿದ್ದುದು 2017ನೆಯ ಇಸವಿಯ ಯಂತ್ರ. ಇಂಟೆಲ್ ಸಂಸ್ಥೆಯ ಏಳನೆಯ ತಲೆಮಾರಿನ ಐ3 ಪ್ರೊಸೆಸರು, 8 ಜಿಬಿಯ ಎರಡು ಮೆಮೊರಿ ಸ್ಟಿಕ್ಕುಗಳು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಆಸರೆಯು 2025ನೆಯ ಅಕ್ಟೋಬರ್ 14ರಂದು ಮುಗಿಯಿತು. ಗೃಹಬಳಕೆಯವರಿಗೆ ಮತ್ತೊಂದು ವರ್ಷದ ಮಟ್ಟಿಗೆ ರಕ್ಷಣೆಯ ತಿದ್ದುಪಡಿಗಳನ್ನು ಕೊಡುವ ಏರ್ಪಾಡೇನೋ ಉಂಟು. ಆದರೆ ಅವಳ ಓದು ಮುಗಿಯಲು ಇನ್ನೂ ಎರಡೂವರೆ ವರ್ಷ ಬೇಕು. ವಿಂಡೋಸ್ 11ಕ್ಕಾದರೋ, ಇಂಟೆಲಿನ ಪ್ರೊಸೆಸರುಗಳಲ್ಲಿ ಎಂಟನೆಯ ತಲೆಮಾರು ಮತ್ತು ಅದಕ್ಕೂ ಈಚಿನವು ಸಲ್ಲುವವೇ ಹೊರತು ಏಳನೆಯದು ಸಾಮಾನ್ಯವಾಗಿ ಸಲ್ಲದು.

ಮಗಳು ತನ್ನ ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದ 35,000 ರೂಪಾಯಿಗಳನ್ನು ತಂದು ನಮ್ಮ ಮುಂದಿಟ್ಟಳು. “ಅಪ್ಪಾ, ಯಂತ್ರ ಇದರಲ್ಲೇ ಆಗಬೇಕು. ಇದರ ಮೇಲೆ ಒಂದು ರೂಪಾಯಿಯನ್ನೂ ನೀವು ಹಾಕಕೂಡದು. ತಮ್ಮನ ಫೀಜು ಕಟ್ಟುವ ತಿಂಗಳು ಇದು” ಎಂದಳು. ಎಂತಹ ತಂದೆಗಾದರೂ ಈ ಮಾತಿಗೆ ಎದುರಾಡುವುದು ಕಷ್ಟ. ಹಣ ಅವಳದು, ಒಮ್ಮೆ ವೆಚ್ಚವಾದರೆ ಮತ್ತೆ ಕೂಡಿಬರಲು ವರ್ಷಗಳೇ ಬೇಕು. ಆದುದರಿಂದ ಕೈಗೆ ಸಿಕ್ಕಿದ ಜೋಡಿಯನ್ನು ತಂದು ಕೂರಿಸುವ ಹಾಗಿರಲಿಲ್ಲ.

ಹಳೆಯ ಬೋರ್ಡನ್ನು ಉಳಿಸಿಕೊಂಡು ಪ್ರೊಸೆಸರನ್ನು ಮಾತ್ರ ಬದಲಾಯಿಸಿದರೆ ಸಾಲದೇ ಎಂಬ ಪ್ರಶ್ನೆ ಮೊದಲು ಹುಟ್ಟಿತು. ಪ್ರೊಸೆಸರು ಕುಳಿತುಕೊಳ್ಳುವ ಚೌಕವಾದ ಪೀಠಕ್ಕೆ ಸಾಕೆಟ್ಟೆಂದು ಹೆಸರು. 2017ನೆಯ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಏಳನೆಯ ತಲೆಮಾರಿನ ಸಾಕೆಟ್ಟಿಗೆ 1151 ಸಂಪರ್ಕಬಿಂದುಗಳು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಎಂಟನೆಯದಕ್ಕೂ ಅಷ್ಟೇ ಬಿಂದುಗಳು. ಎಣಿಕೆ ಒಂದೇ, ಅಳತೆ ಒಂದೇ. ಹಾಗಿದ್ದೂ ಏಳನೆಯದಕ್ಕಾಗಿ ಮಾಡಿದ ಬೋರ್ಡಿನಲ್ಲಿ ಎಂಟನೆಯದು ನಡೆಯುವುದಿಲ್ಲ. ನಾಲ್ಕು ತಿರುಳುಗಳಿದ್ದ ಪ್ರೊಸೆಸರಿನಲ್ಲಿ ಆರು ತಿರುಳುಗಳಾದುವು. ಅವುಗಳಿಗೆ ಹೆಚ್ಚು ವಿದ್ಯುತ್ತನ್ನು ಸಾಗಿಸಬೇಕಾಗಿ ಬಂದುದರಿಂದ ಕೆಲವು ಬಿಂದುಗಳ ಕೆಲಸವನ್ನೇ ಬದಲಿಸಲಾಯಿತು. ನಮ್ಮ ಮನೆಯಾಕೆ ಇದನ್ನು ಕೇಳಿ, “ಎಲ್ಲ ಸರಿಹೊಂದಿದರೂ ಮದುವೆ ಕೂಡದೆಂದರೆ ಸಗೋತ್ರವಾಗಿರಬೇಕು!” ಎಂದು ನಕ್ಕಳು. ನಕ್ಕರೂ ಮಾತು ಸರಿಯಾದುದೇ. ಸಾಕೆಟ್ಟಿನ ಎಣಿಕೆಯೊಂದನ್ನೇ ನೋಡಿ ಜೋಡಿಯನ್ನು ಒಪ್ಪತಕ್ಕದ್ದಲ್ಲ. ಪ್ರತಿಯೊಂದು ಬೋರ್ಡಿಗೂ ಅದನ್ನು ಮಾಡಿದವರು ತಮ್ಮ ಜಾಲತಾಣದಲ್ಲಿ ಒಂದು ಪಟ್ಟಿಯನ್ನು ಕೊಟ್ಟಿರುತ್ತಾರೆ; ಯಾವ ಯಾವ ಪ್ರೊಸೆಸರು ಅದರಲ್ಲಿ ನಡೆಯುವುದು, ಅದಕ್ಕೆ ಬಯಾಸಿನ ಯಾವ ಆವೃತ್ತಿ ಬೇಕು ಎಂಬುದೆಲ್ಲ ಅಲ್ಲಿರುವುದು. ಜಾತಕವೆಂದರೆ ಅದು. ಅದನ್ನು ನೋಡದೆ ಹಣ ಕೊಡಬಾರದು.

ಬಯಾಸ್ ಎಂಬುದು ಬೋರ್ಡಿನಲ್ಲಿಯೇ ಅಡಕವಾಗಿರುವ ಚಿಕ್ಕ ತಂತ್ರಾಂಶ. ಯಂತ್ರಕ್ಕೆ ಎಚ್ಚರ ಬಂದೊಡನೆ ಮೊದಲು ಓಡುವುದು ಅದೇ. ಬೋರ್ಡು ಹಳೆಯದು, ಪ್ರೊಸೆಸರು ಅದಕ್ಕಿಂತ ಈಚಿನದು ಆದರೆ, ಬಯಾಸನ್ನು ತಿದ್ದದ ಹೊರತು ಬೋರ್ಡು ಹೊಸಬನನ್ನು ಗುರುತಿಸಲಾರದು. ತಿದ್ದೋಣವೆಂದರೆ ಯಂತ್ರ ಏಳಬೇಕು, ಏಳಬೇಕಾದರೆ ತಿದ್ದಿರಬೇಕು! ಪ್ರೊಸೆಸರಿಲ್ಲದೆಯೇ ತಿದ್ದುವ ಗುಂಡಿಯುಳ್ಳ ಬೋರ್ಡುಗಳೂ ಉಂಟು. ಅಗ್ಗದವುಗಳಲ್ಲಿ ಅದು ಅಪರೂಪ.

ಬೆಂಗಳೂರಿನಲ್ಲಿ ಇಂತಹ ಬಿಡಿಭಾಗಗಳಿಗೆ ಎಸ್. ಪಿ. ರಸ್ತೆಯೇ ಸಂತೆ. ಒಂದು ಶನಿವಾರ ತಂದೆ ಮಗಳು ಇಬ್ಬರೂ ಹೊರಟೆವು. ಇಕ್ಕಟ್ಟಾದ ಅಂಗಡಿಗಳು, ಮಾಳಿಗೆಯ ಮೇಲೆ ಮಾಳಿಗೆ, ನಡುವೆ ಕೈಗಾಡಿಗಳು. ಮೊದಲು ಹೊಕ್ಕ ಅಂಗಡಿಯ ತರುಣನು ಬಹಳ ಮರ್ಯಾದೆಯಿಂದ, “ಬನ್ನಿ ಸಾರ್, ಐ7 ಕಾಂಬೋ ಇದೆ, ಬೋರ್ಡ್ ಹೊಚ್ಚಹೊಸದು” ಎಂದು ಹೇಳಿದ ಬೆಲೆ ಕೇಳಿ ನಮಗೆ ಆಶ್ಚರ್ಯವೇ ಆಯಿತು. ಮಗಳು ಮಾತ್ರ, “ಯಾವ ತಲೆಮಾರಿನ ಐ7, ಅಣ್ಣಾ?” ಎಂದಳು. ನೋಡಲಾಗಿ, ಪ್ರೊಸೆಸರು ಮೂರನೆಯ ತಲೆಮಾರಿನದು, 2012ನೆಯ ಇಸವಿಯದು. ಬೋರ್ಡು ಹೊಸದಾಗಿ ಮಾಡಿದುದೇ ನಿಜ; ಅದರ ಮೇಲಿನ ಎಚ್61 ಚಿಪ್‌ಸೆಟ್ಟು 2011ರದು. ಇಂತಹ ಜೋಡಿಗಳು ನಮ್ಮ ದೇಶದ ಪೇಟೆಗಳಲ್ಲಿ ಹೇರಳವಾಗಿ ಮಾರಾಟವಾಗುತ್ತಿವೆ. ಐ3, ಐ5, ಐ7 ಎಂಬುವು ಆಯಾ ತಲೆಮಾರಿನೊಳಗಿನ ಅಂತಸ್ತುಗಳೇ ಹೊರತು ಎಲ್ಲ ಕಾಲಕ್ಕೂ ಸಲ್ಲುವ ಬಿರುದುಗಳಲ್ಲ. 2012ರ ಐ7-3770 ಪ್ರೊಸೆಸರಿಗೆ ನಾಲ್ಕು ತಿರುಳು, ಎಂಟು ಎಳೆ. 2022ರ ಐ3-12100ಕ್ಕೂ ನಾಲ್ಕು ತಿರುಳು, ಎಂಟು ಎಳೆಯೇ. ಕೆಲಸದಲ್ಲಿ ಈ ಕಿರಿಯ ಐ3 ಆ ಹಿರಿಯ ಐ7ನ್ನು ಬಹುದೂರ ಹಿಂದೆ ಹಾಕುತ್ತದೆ. ಅಲ್ಲದೆ ಆ ಐ7 ಕೂಡ ವಿಂಡೋಸ್ 11ಕ್ಕೆ ಸಲ್ಲದು. ಮನೆಯಲ್ಲಿದ್ದುದನ್ನು ಬಿಟ್ಟು ಅದಕ್ಕಿಂತಲೂ ಹಳೆಯದನ್ನು ತಂದಂತಾಗುತ್ತಿತ್ತು. ಗೃಹಸ್ಥರು ಮೊದಲು ಕೇಳಬೇಕಾದುದು ತಲೆಮಾರನ್ನು, ಅಂತಸ್ತು ಆಮೇಲೆ.

ಹೀಗೆ ಸೋಸಿದ ಬಳಿಕ ಮೂರು ಮನೆತನಗಳು ಉಳಿದುವು. ಎ.ಎಂ.ಡಿ. ಸಂಸ್ಥೆಯ ಎಎಂ4, ಅದೇ ಸಂಸ್ಥೆಯ ಎಎಂ5, ಇಂಟೆಲಿನ ಎಲ್‌ಜಿಎ 1700.

ಎಎಂ4ರದು ದೀರ್ಘಾಯುಸ್ಸಿನ ವಂಶ. 2017ರಲ್ಲಿ ಮೊದಲ ರೈಜೆನ್ ಪ್ರೊಸೆಸರುಗಳು ಇದರಲ್ಲಿಯೇ ಬಂದುವು. 2022ರಲ್ಲಿಯೂ ಇದಕ್ಕಾಗಿ ಹೊಸ ಪ್ರೊಸೆಸರುಗಳು ಬಂದುವು. 2020ನೆಯ ಮೇ ತಿಂಗಳಲ್ಲಿ ಆ ಸಂಸ್ಥೆಯವರು ಮುಂದಿನ ತಲೆಮಾರು 400ರ ಸಾಲಿನ ಬೋರ್ಡುಗಳಲ್ಲಿ ನಡೆಯದೆಂದು ಸಾರಿ, ಕೊಂಡವರೆಲ್ಲ ಗದ್ದಲವೆಬ್ಬಿಸಲು, ಅದೇ ತಿಂಗಳಲ್ಲಿ ಮಾತನ್ನು ಹಿಂತೆಗೆದುಕೊಂಡರು. ಗಿರಾಕಿಗಳ ಕೂಗಿಗೂ ಬೆಲೆಯುಂಟೆಂದು ಆಗ ತಿಳಿಯಿತು. ಎಎಂ5 ಎಂಬುದು 2022ನೆಯ ಸೆಪ್ಟೆಂಬರಿನಲ್ಲಿ ಹುಟ್ಟಿತು. 2027ರವರೆಗೂ ಅದರಾಚೆಗೂ ಇದಕ್ಕೆ ಆಸರೆ ಕೊಡುವೆವೆಂದು 2024ರಲ್ಲಿ ಮಾತು ಕೊಟ್ಟಿದ್ದಾರೆ. ಎಲ್‌ಜಿಎ 1700 ಬಂದುದು 2021ರಲ್ಲಿ. ಹನ್ನೆರಡು, ಹದಿಮೂರು, ಹದಿನಾಲ್ಕನೆಯ ತಲೆಮಾರುಗಳಿಗೆ ಆಶ್ರಯ ಕೊಟ್ಟಿತು. 2024ನೆಯ ಅಕ್ಟೋಬರಿನಲ್ಲಿ ಇಂಟೆಲು ಮೇಜಿನ ಯಂತ್ರಗಳಿಗೆ 1851 ಬಿಂದುಗಳ ಬೇರೊಂದು ಸಾಕೆಟ್ಟನ್ನು ತಂದಿತು.

ಮಗಳ ಮನಸ್ಸು ಎಎಂ5ರ ಮೇಲೆ. “ಅಪ್ಪಾ, ಈಗ ಸಣ್ಣ ಪ್ರೊಸೆಸರನ್ನು ಹಾಕಿಕೊಂಡರೂ ಮುಂದೆ ಬೋರ್ಡನ್ನು ಬಿಚ್ಚದೆ ದೊಡ್ಡದನ್ನು ಹಾಕಬಹುದು. ಮಿಕ್ಕೆರಡು ಬೆಳೆಯುವ ಗಿಡವಲ್ಲ” ಎಂದು ವಾದಿಸಿದಳು. ವಾದದಲ್ಲಿ ಲೋಪವಿರಲಿಲ್ಲ. ಹಣ ಧಾರಾಳವಾಗಿದ್ದಿದ್ದರೆ ನಾವೂ ಅದನ್ನೇ ಹೇಳುತ್ತಿದ್ದೆವು. ಇಂದಿಗೂ ಎಲ್ಲವನ್ನೂ ಹೊಸದಾಗಿ ಕೊಳ್ಳುವವರಿಗೆ ಅದನ್ನೇ ಹೇಳುವೆವು. ಆದರೆ ಎಎಂ5 ಡಿಡಿಆರ್5 ಎಂಬ ಮೆಮೊರಿಯನ್ನಲ್ಲದೆ ಬೇರೆಯದನ್ನು ಮುಟ್ಟದು. ನಮ್ಮಲ್ಲಿದ್ದ ಸ್ಟಿಕ್ಕುಗಳೆರಡೂ ಡಿಡಿಆರ್4. ನಾವು ಪೇಟೆಗೆ ಹೋದುದಾದರೂ 2025ನೆಯ ಡಿಸೆಂಬರಿನಲ್ಲಿ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಗಣಕಾಲಯಗಳಿಗೆ ಮೆಮೊರಿ ಸಾಲದೆ ಬಂದು, ಕಾರ್ಖಾನೆಗಳು ಅತ್ತ ತಿರುಗಿದುದರಿಂದ ಆ ವರ್ಷದ ಕಡೆಯ ತಿಂಗಳುಗಳಲ್ಲಿ ಅದರ ಬೆಲೆ ಜಗತ್ತಿನಲ್ಲೆಲ್ಲ ಏರಿತ್ತು. ದೂರದೇಶದವರ ಗಣಕಾಲಯಕ್ಕೂ ನಮ್ಮ ಮಗಳ ಕೈಚೀಲಕ್ಕೂ ಹೀಗೊಂದು ನಂಟಿರುವುದೆಂದು ಯಾರು ಎಣಿಸಿದ್ದರು? 16 ಜಿಬಿ ಡಿಡಿಆರ್5ರ ದರವನ್ನು ಅವಳೇ ನಾಲ್ಕು ಅಂಗಡಿಗಳಲ್ಲಿ ಕೇಳಿದಳು. ನಾಲ್ಕನೆಯ ಅಂಗಡಿಯ ಮೆಟ್ಟಿಲಿಳಿಯುವಾಗ, “ಇರುವುದನ್ನು ಎಸೆದು ಬರುವುದಕ್ಕೆ ಕಾಯುವುದು ಸರಿಯಲ್ಲ, ಅಪ್ಪಾ” ಎಂದಳು. ನಾವು ಏನೂ ಹೇಳಬೇಕಾಗಲಿಲ್ಲ.

ಉಳಿದುದು ಎಎಂ4ರ ರೈಜೆನ್ 5 5600ಜಿ, 1700ರ ಐ5-12400. ಎರಡಕ್ಕೂ ಆರು ತಿರುಳು, ಹನ್ನೆರಡು ಎಳೆ. ಎರಡರೊಳಗೂ ಚಿತ್ರ ತೋರಿಸುವ ಭಾಗ ಅಡಕವಾಗಿರುವುದರಿಂದ ಬೇರೆ ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳಬೇಕಾದುದಿಲ್ಲ. ಕಡಮೆ ಹಣದವರಿಗೆ ಇದೇ ಮುಖ್ಯವಾದ ಉಳಿತಾಯ. ಇಲ್ಲಿ ಒಂದೇ ಒಂದು ಅಕ್ಷರದ ಬಗ್ಗೆ ಎಚ್ಚರವಿರಬೇಕು: ಇಂಟೆಲಿನ ಹೆಸರಿನ ಕೊನೆಗೆ ‘ಎಫ್’ ಎಂದಿದ್ದರೆ ಆ ಭಾಗ ಅದರಲ್ಲಿಲ್ಲ. ಬೆಲೆ ಸ್ವಲ್ಪ ಇಳಿದಿರುವುದನ್ನು ಕಂಡು ಅದನ್ನು ತಂದರೆ ಪರದೆ ಕಪ್ಪಾಗಿಯೇ ಉಳಿಯುವುದು. ರೈಜೆನ್ನಿನಲ್ಲಿ ನಿಯಮ ತಲೆಮಾರಿಗೊಂದು ಬಗೆ. 5600ಜಿಯಲ್ಲಿ ಚಿತ್ರಭಾಗವುಂಟು, ಬರಿಯ 5600ರಲ್ಲಿಲ್ಲ.

ಚಿತ್ರಭಾಗವನ್ನಷ್ಟೇ ತೂಗಿದರೆ 5600ಜಿ ಮೇಲು. ಆದರೆ ಈ ಅಡಕವಾದ ಚಿತ್ರಭಾಗಕ್ಕೆ ಸ್ವಂತ ಮೆಮೊರಿಯಿಲ್ಲ. ಯಂತ್ರದ ಮೆಮೊರಿಯಿಂದಲೇ ಕಡ ತಂದು ಬದುಕಬೇಕು. ನಮ್ಮ ಹಳೆಯ ಸ್ಟಿಕ್ಕುಗಳದು 2400ರ ವೇಗ. ಅವುಗಳೊಡನೆ 5600ಜಿಯ ಹೆಚ್ಚುಗಾರಿಕೆ ಬಹುಪಾಲು ಕರಗುವುದು. ಅತ್ತ, ಸಾಲಿಡ್‌ವರ್ಕ್ಸಿನಲ್ಲಿ ಭಾಗಗಳನ್ನು ಕಡೆಯುವ ಕೆಲಸವು ಹೆಚ್ಚಾಗಿ ಒಂದೇ ತಿರುಳಿನ ವೇಗವನ್ನು ನಂಬಿದುದು. ಅದರಲ್ಲಿ 12400 ಮುಂದು. ಆಟವಾಡುವ ಹುಡುಗನಿಗೆ ಹೊಸ ಮೆಮೊರಿಯೊಡನೆ ಕೊಡಿಸುವುದಾಗಿದ್ದರೆ ನಮ್ಮ ತೀರ್ಪು ಬೇರೆಯಾಗುತ್ತಿತ್ತು. ಇವಳ ಓದಿಗೆ 12400 ಎಂದು ನಿಶ್ಚಯಿಸಿದೆವು.

ಬೋರ್ಡಿನ ವಿಷಯದಲ್ಲಿ ಅಂಗಡಿಯವರೆಲ್ಲರ ನಾಲಗೆಯ ಮೇಲೂ ಎಚ್610 ಚಿಪ್‌ಸೆಟ್ಟೇ. ಅಗ್ಗವೂ ಹೌದು, ಲೆಕ್ಕಪತ್ರ ಬರೆಯುವವರಿಗೆ, ಪಾಠ ಕೇಳುವ ಮಕ್ಕಳಿಗೆ ಅದು ಸಾಕೆಂದು ನಿಸ್ಸಂಕೋಚವಾಗಿ ಹೇಳುತ್ತೇವೆ. ಆದರೆ ಅದರಲ್ಲಿ ಮೆಮೊರಿಗೆ ಇರುವುದು ಎರಡೇ ಸ್ಥಾನ. ನಮ್ಮೆರಡು ಸ್ಟಿಕ್ಕುಗಳು ಕುಳಿತರೆ ಮನೆ ತುಂಬಿತು. ನಾಳೆ 16 ಜಿಬಿ ಸಾಲದಾದರೆ ಅವನ್ನು ಹೊರಗೆ ಹಾಕಿಯೇ ಬೇರೆಯವನ್ನು ತರಬೇಕು. ಯಾವ ಸ್ಟಿಕ್ಕುಗಳನ್ನು ಉಳಿಸುವುದಕ್ಕಾಗಿ ಇಷ್ಟೆಲ್ಲ ಯೋಚಿಸಿದೆವೋ ಅವನ್ನೇ ಕಳೆದುಕೊಳ್ಳುವುದು ಎಂತಹ ಲೆಕ್ಕ? ಆದುದರಿಂದ ನಾಲ್ಕು ಸ್ಥಾನಗಳುಳ್ಳ ಬಿ760 ಬೋರ್ಡನ್ನು, ಅದರಲ್ಲಿಯೂ ಡಿಡಿಆರ್4ನ್ನು ಒಪ್ಪುವುದನ್ನು ಹುಡುಕಿದೆವು. ಇದೇ ಹೆಸರಿನಲ್ಲಿ ಡಿಡಿಆರ್5ರ ಬೋರ್ಡುಗಳೂ ಉಂಟು, ಎರಡೇ ಸ್ಥಾನದವೂ ಉಂಟು. ಡಬ್ಬಿಯ ಮೇಲಿನ ಬರೆಹವನ್ನು ಕಡೆಯ ಅಕ್ಷರದವರೆಗೂ ಓದಬೇಕು. ಬಿ760 ಬಂದುದು 2023ರಲ್ಲಿ, ನಮ್ಮ ಪ್ರೊಸೆಸರು 2022ರದು. ಬೋರ್ಡೇ ಕಿರಿಯದಾದುದರಿಂದ ಬಯಾಸಿನ ಚಿಂತೆಯೂ ತಪ್ಪಿತು. ಮುಂದೆಂದಾದರೂ ಹದಿಮೂರು ಹದಿನಾಲ್ಕನೆಯ ತಲೆಮಾರಿನ ದೊಡ್ಡ ಪ್ರೊಸೆಸರೊಂದು ಅಗ್ಗವಾಗಿ ದೊರೆತರೆ, ಪಟ್ಟಿಯಲ್ಲಿ ನೋಡಿಕೊಂಡು ಇದರಲ್ಲಿಯೇ ಕೂರಿಸಬಹುದು.

ಬೆಲೆಗಳನ್ನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆಯು ವಾಚಕರ ಕೈ ಸೇರುವಷ್ಟರಲ್ಲಿ ಅವು ಬದಲಾಗಿರುತ್ತವೆ. ಪ್ರೊಸೆಸರಿಗೆ ಕೊಡುವುದರ ಮುಕ್ಕಾಲು ಪಾಲನ್ನು ಬೋರ್ಡಿನ ಬೆಲೆ ಮೀರಕೂಡದೆಂಬುದು ನಾವು ಇಟ್ಟುಕೊಂಡ ಅಳತೆ. ಹಳೆಯ ಕ್ಯಾಬಿನೆಟ್ಟೂ ಪರದೆಯೂ ಉಳಿದುವು. ಹೊಸ ಪವರ್ ಸಪ್ಲೈ, ಒಂದು ಎಸ್.ಎಸ್.ಡಿ. ಸೇರಿಯೂ ಮಗಳ ಹಣದಲ್ಲಿ ಸಾವಿರದ ಮೇಲೆ ಸ್ವಲ್ಪ ಉಳಿಯಿತು. ಪವರ್ ಸಪ್ಲೈಯಲ್ಲಿ ಮಾತ್ರ ಜಿಪುಣತನ ಬೇಡ. ನಮ್ಮ ಬಡಾವಣೆಯ ಕರೆಂಟಿನ ಚಂಚಲತೆಯನ್ನೆಲ್ಲ ಸಹಿಸಬೇಕಾದುದು ಅದೇ.

ಕೊಳ್ಳುವಾಗ ಅಂಗಡಿಯಲ್ಲಿಯೇ ಡಬ್ಬಿಯನ್ನು ತೆರೆಸಿ ನೋಡಬೇಕು. ಎಎಂ4ರಲ್ಲಿ ಕಾಲುಗಳು ಪ್ರೊಸೆಸರಿನ ಅಡಿಯಲ್ಲಿರುವುವು. ಇಂಟೆಲಿನಲ್ಲಿ ಕೂದಲೆಳೆಯಂತಹ 1700 ಕಂಬಿಗಳು ಬೋರ್ಡಿನ ಸಾಕೆಟ್ಟಿನೊಳಗಿರುವುವು. ಒಂದು ಬಾಗಿದರೂ ಕೆಡುಕು. ಅಂತಹುದಕ್ಕೆ ಸಾಮಾನ್ಯವಾಗಿ ವಾರಂಟಿಯೂ ನಡೆಯದು. ಸಾಕೆಟ್ಟಿನ ಮೇಲಿರುವ ಕಪ್ಪು ಮುಚ್ಚಳವನ್ನು ಎಸೆಯಬಾರದು. ಬೋರ್ಡನ್ನು ರಿಪೇರಿಗೆ ಹಿಂದಿರುಗಿಸಬೇಕಾಗಿ ಬಂದರೆ ಅದನ್ನು ಮುಚ್ಚಿಯೇ ಕಳುಹಿಸಬೇಕು. ಹಳೆಯ ಯಂತ್ರದ ಫ್ಯಾನನ್ನೇ ಹಾಕೋಣವೆಂದರೆ ಅದರ ರಂಧ್ರಗಳ ಅಂತರ 75 ಮಿಲಿಮೀಟರು, ಹೊಸದರದು 78. ಮೂರು ಮಿಲಿಮೀಟರಿನಲ್ಲಿ ನಂಟು ತಪ್ಪಿತು! ಅದೃಷ್ಟವಶಾತ್ ಡಬ್ಬಿಯಲ್ಲಿ ಬರುವ 12400ರೊಡನೆ ಫ್ಯಾನೂ ಇರುತ್ತದೆ. ಡಬ್ಬಿಯಿಲ್ಲದೆ ಬಿಡಿಯಾಗಿ ಮಾರುವ ಪ್ರೊಸೆಸರು ತುಸು ಅಗ್ಗ. ಅದರೊಡನೆ ಫ್ಯಾನಿಲ್ಲ, ತಯಾರಕರ ಮೂರು ವರ್ಷದ ವಾರಂಟಿಯನ್ನೂ ನಂಬುವಂತಿಲ್ಲ.

ಶೇಕಡ 18ರ ಜಿ.ಎಸ್.ಟಿ.ಯನ್ನು ತಪ್ಪಿಸುವ ಆಸೆಗೆ ಬಿಲ್ಲಿಲ್ಲದೆ ತರುವವರುಂಟು. ನಾವು ಬಿಲ್ಲನ್ನು ಕೇಳಿ ಪಡೆದು, ಪ್ರೊಸೆಸರಿನ ಮತ್ತು ಬೋರ್ಡಿನ ಕ್ರಮಸಂಖ್ಯೆಗಳೆರಡನ್ನೂ ಅದರ ಮೇಲೆ ಬರೆಯಿಸಿದೆವು. ಆ ನುಣುಪು ಕಾಗದದ ಅಕ್ಷರಗಳು ಕೆಲವು ತಿಂಗಳುಗಳಲ್ಲಿಯೇ ಮಾಸುವುವಾದುದರಿಂದ ಮಗಳು ಅಂದೇ ಅದರ ಪ್ರತಿ ತೆಗೆಯಿಸಿ, ಸಾಕೆಟ್ಟಿನ ಕಪ್ಪು ಮುಚ್ಚಳದೊಡನೆ ಒಂದು ಲಕೋಟೆಯಲ್ಲಿಟ್ಟು, ಮೇಲೆ ‘2028ರ ಡಿಸೆಂಬರಿನವರೆಗೆ’ ಎಂದು ಬರೆದು ಬೀರುವಿನಲ್ಲಿ ಮನೆಪತ್ರಗಳ ಪಕ್ಕದಲ್ಲಿ ಇಟ್ಟಿರುವಳು.