ಹಳೆಯ ಗಣಕಕ್ಕೆ ಹೊಸ ಕಾಯಕ

ಉಪಯೋಗ ತಪ್ಪಿದ ವಸ್ತುವಿಗೆ ಮನೆಯಲ್ಲಿ ಎರಡೇ ಗತಿಗಳು. ಒಂದು ಅಟ್ಟ, ಇನ್ನೊಂದು ಗುಜರಿ. ಹಿಂದಿನವರು ಮೂರನೆಯ ಗತಿಯೊಂದನ್ನು ಬಲ್ಲವರಾಗಿದ್ದರು. ಮಾಸಿದ ಹಿತ್ತಾಳೆಯ ಪಾತ್ರೆಗೆ ಕಲಾಯಿ, ಸವೆದ ಕುಳಕ್ಕೆ ಕುಲುಮೆ, ಹರಿದ ಸೀರೆಗೆ ಕೌದಿ, ಹೀಗೆ ಮೊದಲ ಕೆಲಸ ಮುಗಿದ ವಸ್ತುವಿಗೆ ತಕ್ಕುದಾದ ಎರಡನೆಯ ಕೆಲಸವನ್ನು ಹುಡುಕಿಕೊಡುವ ವಿವೇಕ ಅವರಲ್ಲಿತ್ತು. ಈ ವಿವೇಕವು ಗಣಕಯಂತ್ರಕ್ಕೂ ಸಲ್ಲುವುದೆ ಎಂಬ ಪ್ರಶ್ನೆಗೆ ಕೃಷ್ಣಾತೀರದ ಜುಗೂಳ ಗ್ರಾಮದ ಮನೆಯೊಂದು ಉತ್ತರವನ್ನು ಕೊಟ್ಟಿದೆ.

ಜುಗೂಳವು ಕಾಗವಾಡ ತಾಲೂಕಿನ ಗಡಿಗ್ರಾಮ. ಹೊಳೆಯ ಆಚೆಗೆ ಮಹಾರಾಷ್ಟ್ರದ ಖಿದ್ರಾಪುರ. ಅಲ್ಲಿಯ ಕೋಪೇಶ್ವರ ದೇವಾಲಯವು ಶಿಲಾಹಾರರ ಕಾಲದ ಶಿಲ್ಪವೈಭವಕ್ಕೆ ಹೆಸರಾದುದು. ಈ ನೆಲಕ್ಕೆ ಕಬ್ಬಿನ ಸಿರಿಯನ್ನು ಕೊಟ್ಟುದು ಹೊಳೆಯೇ. ೨೦೦೫, ೨೦೧೯ ಹಾಗೂ ೨೦೨೧ರಲ್ಲಿ ಈ ಸೀಮೆಯನ್ನು ಮಹಾಪೂರದಲ್ಲಿ ಅದ್ದಿದುದೂ ಹೊಳೆಯೇ. ಮಳೆಗಾಲ ಹಿಡಿಯಿತೆಂದರೆ ಕೊಯ್ನಾ ಜಲಾಶಯದ ಮಟ್ಟವೆಷ್ಟು, ರಾಜಾಪುರ ಬ್ಯಾರೇಜಿನಿಂದ ಹರಿದು ಬರುವ ನೀರು ಎಷ್ಟು ಕ್ಯೂಸೆಕ್ ಎಂಬುದೇ ಇಲ್ಲಿಯ ಕಟ್ಟೆಗಳ ಮಾತಾಗುತ್ತದೆ.

ಆ ಮನೆಯ ಹಿರಿಯರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ೨೦೧೯ರ ಆಗಸ್ಟಿನಲ್ಲಿ ದನಕರುಗಳನ್ನು ಹೊಡೆದುಕೊಂಡು ಉಟ್ಟ ಬಟ್ಟೆಯಲ್ಲಿಯೇ ಮನೆಯನ್ನು ಬಿಟ್ಟಿದ್ದರು. ನೀರು ಇಳಿದ ಮೇಲೆ ಮರಳಿ ಬಂದು ಟ್ರಂಕನ್ನು ತೆರೆದಾಗ ಹೊಲದ ಉತಾರಗಳು, ಕಬ್ಬಿನ ಬಿಲ್ಲುಗಳು, ಮದುವೆಯ ಭಾವಚಿತ್ರಗಳು, ಅವರು ಮೂವತ್ತು ವರ್ಷ ಊರೂರು ತಿರುಗಿ ಬರೆದುಕೊಂಡಿದ್ದ ಜಾನಪದ ಗೀತೆಗಳ ವಹಿಗಳು, ಎಲ್ಲವೂ ಕೂಡಿ ಒಂದು ಕೆಸರಿನ ಮುದ್ದೆಯಾಗಿದ್ದುವು. ಉತಾರಗಳು ಮರಳಿ ದೊರೆತವು. ೨೦೦೦ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆಯಲ್ಲಿ ಪಹಣಿಗಳೆಲ್ಲ ಗಣಕಕ್ಕೆ ಸೇರಿದ್ದರಿಂದ ಸರಕಾರದ ಬಳಿ ಅವುಗಳ ಪ್ರತಿಯಿತ್ತು. ಗೀತೆಗಳ ವಹಿಗಳಿಗೆ ಪ್ರತಿಯಿರಲಿಲ್ಲ. ಗೀತೆಗಳ ಪೈಕಿ ಉಳಿದುದು ಒಂದೇ ಕ್ಯಾಸೆಟ್ಟು. ಅದರಲ್ಲಿ ಅವರ ತಾಯಿ ಹಾಡಿದ ಬೀಸುವ ಪದಗಳಿದ್ದುವು. ಮೂಲ ಕ್ಯಾಸೆಟ್ಟೂ ಟ್ರಂಕಿನಲ್ಲಿಯೇ ಹಾಳಾಗಿತ್ತು. ಮಗಳು ಅದರ ಪ್ರತಿಯೊಂದನ್ನು ಅಥಣಿಯ ಗಂಡನ ಮನೆಗೆ ಒಯ್ದಿದ್ದಳಾದುದರಿಂದ ಆ ಕಂಠವು ಉಳಿಯಿತು.

ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುವ ಮೊಮ್ಮಗನು ಇತ್ತೀಚೆಗೆ ಅಲ್ಲಿಯ ಕಾಕಾನ ಮನೆಯಿಂದ ಒಂದು ಡೆಸ್ಕ್‌ಟಾಪ್ ಗಣಕವನ್ನು ಊರಿಗೆ ತಂದನು. ಅದು ೨೦೧೨ರಲ್ಲಿ ಕೊಂಡುದು. ಹೊಸ ವಿಂಡೋಸ್ ೧೧ ಅದನ್ನು ಒಪ್ಪಿಕೊಳ್ಳದು. ಒಪ್ಪಿಕೊಂಡಿದ್ದ ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲವು ಮುಗಿಯಿತು. ಯಂತ್ರ ಕೆಟ್ಟಿರಲಿಲ್ಲ, ಕಾಲವು ಅದನ್ನು ಕೈಬಿಟ್ಟಿತ್ತು. ಅದನ್ನು ಮನೆಯ ಸರ್ವರ್ ಮಾಡುವುದು ಹುಡುಗನ ಸಂಕಲ್ಪ. ಸರ್ವರ್ ಎಂದರೆ ಸೇವೆ ಮಾಡುವುದು ಎಂದೇ ಅರ್ಥ. ಅದಕ್ಕೆ ಪರದೆ ಬೇಡ, ಕೀಲಿಮಣೆ ಬೇಡ. ಒಂದು ಮೂಲೆಯಲ್ಲಿ ಹಗಲಿರುಳು ಎಚ್ಚತ್ತಿದ್ದು, ಮನೆಯವರ ಫೋನುಗಳು, ದೂರದರ್ಶನ, ಮಕ್ಕಳ ಗಣಕ, ಇವು ಕೇಳಿದುದನ್ನು ಕೊಡುವುದೂ ಕೊಟ್ಟುದನ್ನು ಕಾಯುವುದೂ ಅದರ ಕೆಲಸ. ಇಂಥ ಕೆಲಸಕ್ಕೆ ಅತಿ ವೇಗ ಬೇಕಾಗಿಲ್ಲ, ತಾಳ್ಮೆ ಸಾಕು. ಆದುದರಿಂದಲೇ ಹಳೆಯ ಯಂತ್ರವು ಇದಕ್ಕೆ ತಕ್ಕುದು.

ಸಿದ್ಧತೆಯು ಮಡಿಮಾಡುವುದರಿಂದ ಮೊದಲಾಯಿತು. ಪೆಟ್ಟಿಗೆಯನ್ನು ಬಿಚ್ಚಿ, ಹಲವು ವರ್ಷಗಳ ಧೂಳನ್ನು ಮೃದುವಾದ ಕುಂಚದಿಂದ ತೆಗೆದು, ಪ್ರೊಸೆಸರಿನ ಮೇಲೆ ಒಣಗಿಹೋಗಿದ್ದ ಶಾಖವಾಹಕ ಲೇಪವನ್ನು ಒರೆಸಿ ಹೊಸದನ್ನು ಸವರಿದನು. ಗಡಿಯಾರದ ಲೆಕ್ಕವಿಡುವ ಸಣ್ಣ ಬಿಲ್ಲೆ ಸೆಲ್ಲನ್ನು ಬದಲಿಸಿದನು. ಹಳೆಯ ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ನಂಬುವುದು ಸಲ್ಲದೆಂದು ಹೊಸದನ್ನು ಕೂಡಿಸಿದನು. ಹಗಲಿರುಳು ಉರಿಯಬೇಕಾದ ಯಂತ್ರದಲ್ಲಿ ಮೊದಲು ಸೋಲುವ ಅಂಗಗಳಲ್ಲಿ ಅದೊಂದು. ರ‍್ಯಾಮ್ ನಾಲ್ಕು ಜಿಬಿ ಇದ್ದುದು ಎಂಟಾಯಿತು. ಕಾರ್ಯಾಚರಣ ವ್ಯವಸ್ಥೆಗೆ ಒಂದು ಚಿಕ್ಕ ಎಸ್‌ಎಸ್‌ಡಿ, ಸಂಗ್ರಹಕ್ಕೆ ಎರಡು ಹೊಸ ಹಾರ್ಡ್ ಡಿಸ್ಕುಗಳು ಬಂದುವು. ಸೇವೆಗೆ ಹಳೆಯ ಯಂತ್ರ ಸಾಕು, ಸಂಗ್ರಹಕ್ಕೆ ಮಾತ್ರ ಹಳೆಯ ಡಿಸ್ಕು ಸಲ್ಲದು ಎಂಬುದು ಇಲ್ಲಿ ನೆನಪಿಡತಕ್ಕ ಮಾತು.

ಬಳಿಕ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಸ್ಥಾಪಿಸಲಾಯಿತು. ಲಿನಕ್ಸಿನ ತಿರುಳನ್ನು ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ರಚಿಸಿದನು. ಡೆಬಿಯನ್ ೧೯೯೩ರಲ್ಲಿ ಹುಟ್ಟಿತು. ಜಗತ್ತಿನ ನಾನಾ ಮೂಲೆಗಳ ಸ್ವಯಂಸೇವಕರು ಕಟ್ಟಿದ ಈ ವಸ್ತುವಿಗೆ ಬೆಲೆಯಿಲ್ಲ. ಹಳೆಯ ಯಂತ್ರವೆಂಬ ತಾತ್ಸಾರವೂ ಇಲ್ಲ. ಅದರ ಮೇಲೆ ಒಂದೊಂದು ಸೇವೆಯನ್ನೂ ಡಾಕರ್ ಎಂಬ ಸಾಧನದಿಂದ ಪ್ರತ್ಯೇಕವಾಗಿ ನೆಲೆಗೊಳಿಸಲಾಯಿತು. ಒಂದೇ ವಾಡೆಯಲ್ಲಿ ಬೇರೆ ಬೇರೆ ಕೋಣೆಗಳಿದ್ದಂತೆ ಇದು. ಒಂದು ಕೋಣೆಯ ಒಲೆ ಹೊಗೆಯಾಡಿದರೆ ಮತ್ತೊಂದರ ಅಡಿಗೆ ಕೆಡುವುದಿಲ್ಲ. ನೆಕ್ಸ್ಟ್‌ಕ್ಲೌಡ್ ಕಾಗದಪತ್ರಗಳನ್ನೂ ಚಿತ್ರಗಳನ್ನೂ ಕಾಯುತ್ತದೆ. ಜೆಲ್ಲಿಫಿನ್ ಹಾಡು, ಚಲಚ್ಚಿತ್ರಗಳನ್ನು ದೂರದರ್ಶನದ ಪರದೆಗೆ ಒದಗಿಸುತ್ತದೆ. ಕಿವಿಕ್ಸ್ ಎಂಬುದು ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಮನೆಯೊಳಗೇ ಇರಿಸಿ, ಅಂತರ್ಜಾಲ ಕಡಿದ ದಿನವೂ ಮಕ್ಕಳಿಗೆ ಓದಲು ಕೊಡುತ್ತದೆ.

ಖರ್ಚಿನ ಪ್ರಶ್ನೆಯೂ ವಿಚಾರಾರ್ಹವೇ. ಇಂಥ ಯಂತ್ರವು ಸುಮ್ಮನಿರುವಾಗ ಸುಮಾರು ೪೦ ವ್ಯಾಟ್ ವಿದ್ಯುತ್ತನ್ನು ಉಣ್ಣುವುದೆಂದು ಹಿಡಿದರೆ ದಿನಕ್ಕೆ ಒಂದು ಯೂನಿಟ್ಟಿಗೆ ತುಸು ಕಡಿಮೆ, ತಿಂಗಳಿಗೆ ೨೯ ಯೂನಿಟ್ಟಿನಷ್ಟಾಗುತ್ತದೆ. ಹಳ್ಳಿಯ ವಿದ್ಯುತ್ತು ಬಂದು ಹೋಗುವ ಅತಿಥಿ; ಆದಕಾರಣ ಯಂತ್ರಕ್ಕೆ ಯುಪಿಎಸ್ ಜೋಡಿಸಿ, ಕರೆಂಟು ಮರಳಿದೊಡನೆ ತಾನೇ ಎಚ್ಚರಗೊಳ್ಳುವಂತೆ ಬಯೋಸ್‌ನಲ್ಲಿ ಗೊತ್ತುಮಾಡಲಾಯಿತು. ಹೊರಗಿನವರಿಗೆ ಬಾಗಿಲು ತೆರೆಯಲಿಲ್ಲ. ಬೆಳಗಾವಿಯಿಂದ ನೋಡಬೇಕಾದಾಗ ಹುಡುಗನು ವೈರ್‌ಗಾರ್ಡ್ ಎಂಬ ಗುಪ್ತಮಾರ್ಗದಿಂದ ಮಾತ್ರ ಒಳಬರುತ್ತಾನೆ.

ಎಲ್ಲವೂ ಮುಗಿದ ದಿನ ಹುಡುಗನು ಅಜ್ಜನಿಗೆ ವಿವರಿಸಿದನು. ಎರಡು ಡಿಸ್ಕುಗಳು ಕನ್ನಡಿಯಂತೆ ಒಂದನ್ನೊಂದು ಹೋಲುತ್ತವೆ. ಒಂದರಲ್ಲಿ ಬರೆದುದು ಇನ್ನೊಂದರಲ್ಲಿಯೂ ಮೂಡುತ್ತದೆ. ಒಂದು ಸತ್ತರೆ ಇನ್ನೊಂದು ಉಳಿಯುತ್ತದೆ.

“ಇನ್ನ ಏನೂ ಕಳಿಯೂದಿಲ್ಲ ಅಜ್ಜಾರ,” ಎಂದನು.

ಹಿರಿಯರು ಪೆಟ್ಟಿಗೆಯ ಕಡೆಗೆ ಒಮ್ಮೆ, ಹೊಳೆಯ ಕಡೆಗೆ ಒಮ್ಮೆ ನೋಡಿ ಕೇಳಿದರು:

“ಎರಡೂ ಒಂದೇ ಡಬ್ಬ್ಯಾಗ ಅದಾವಲ್ಲೋ ತಮ್ಮಾ? ನೀರು ಬಂದರ?”

ಹುಡುಗನಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಗಣಕದ ಒಂದು ಅಕ್ಷರವನ್ನೂ ಅರಿಯದ ಹಿರಿಯರು ಗಣಕಶಾಸ್ತ್ರದ ಮರ್ಮವನ್ನೇ ಮುಟ್ಟಿದ್ದರು. ಬಲ್ಲವರು ಸಾರಿ ಹೇಳುವುದೂ ಅದನ್ನೇ: ಕನ್ನಡಿಯು ಪ್ರತಿಯಲ್ಲ. ನೀರು, ಬೆಂಕಿ, ಸಿಡಿಲು ಎರಡನ್ನೂ ಒಟ್ಟಿಗೆ ಒಯ್ಯುತ್ತವೆ. ಅಷ್ಟೇ ಅಲ್ಲ, ಕೈತಪ್ಪಿ ಒಂದು ಕಡತವನ್ನು ಅಳಿಸಿದರೆ ಕನ್ನಡಿಯೂ ವಿಧೇಯತೆಯಿಂದ ಅದನ್ನು ಅಳಿಸಿಬಿಡುತ್ತದೆ. ಆದುದರಿಂದ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಒಂದು ಬೇರೆ ಊರಿನಲ್ಲಿರಬೇಕು ಎಂಬುದು ಆ ಶಾಸ್ತ್ರದ ಸೂತ್ರ. ಓಲೆಗರಿಯ ಕಾಲದ ಲಿಪಿಕಾರರೂ ಇದನ್ನೇ ಆಚರಿಸಿದರು. ಗೆದ್ದಲು ಹಿಡಿಯುವ, ಮಳೆಗೆ ಕೊಳೆಯುವ ಗರಿಯಲ್ಲಿ ಬರೆದ ಕಾವ್ಯಗಳು ನೂರಾರು ವರ್ಷ ಬಾಳಿದುದು ಗರಿಯ ಗಟ್ಟಿತನದಿಂದಲ್ಲ. ಕೈಯಿಂದ ಕೈಗೆ, ಊರಿಂದ ಊರಿಗೆ ಪ್ರತಿಯಾಗುತ್ತ ಹೋದುದರಿಂದ. ಒಂದೇ ಪ್ರತಿಯಾಗಿ ಉಳಿದುವೆಷ್ಟೋ ಹೆಸರು ಮಾತ್ರವಾಗಿ ಉಳಿದುವು, ಹೆಸರೂ ಉಳಿಯದವು ಎಷ್ಟೋ.

ಅಂದಿನಿಂದ ಆ ಮನೆಯಲ್ಲಿ ಒಂದು ನೇಮ ನಡೆದಿದೆ. ಹೊರಗೆ ಜೋಡಿಸುವ ಎರಡು ಚಿಕ್ಕ ಡಿಸ್ಕುಗಳಿವೆ. ಒಂದು ಜುಗೂಳದಲ್ಲಿದ್ದಾಗ ಇನ್ನೊಂದು ಅಥಣಿಯ ಮಗಳ ಮನೆಯಲ್ಲಿರುತ್ತದೆ. ತಿಂಗಳಿಗೊಮ್ಮೆ, ಅಮಾವಾಸ್ಯೆಯ ಸುಮಾರಿಗೆ, ಅವು ಸ್ಥಾನ ಬದಲಿಸುತ್ತವೆ. ರಾಜಾಪುರದ ನೀರಿನ ಲೆಕ್ಕ ಏರತೊಡಗಿದರೆ ದನಗಳ ಹಗ್ಗ ಬಿಚ್ಚುವ ಮೊದಲು ಡಿಸ್ಕನ್ನು ಚೀಲಕ್ಕೆ ಹಾಕಿಕೊಳ್ಳಬೇಕೆಂಬುದು ನಿಶ್ಚಯವಾಗಿದೆ. ಯಂತ್ರವು ಮುಳುಗಿದರೆ ಮುಳುಗಲಿ. ಯಂತ್ರವನ್ನು ಮತ್ತೆ ತರಬಹುದು. ಇನ್ನೊಂದು ವ್ಯವಸ್ಥೆಯನ್ನೂ ಹಿರಿಯರೇ ಮಾಡಿಸಿದರು. ಯಂತ್ರವನ್ನು ನಡೆಸುವ ಬಗೆ, ಕೆಟ್ಟಾಗ ಮಾಡಬೇಕಾದುದು, ಡಿಸ್ಕಿನಿಂದ ಮರಳಿ ಪಡೆಯುವ ಕ್ರಮ, ಇವನ್ನೆಲ್ಲ ಮೊಮ್ಮಗನಿಂದ ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿಸಿದರು. ಅದರದೂ ಒಂದು ಪ್ರತಿ ಅಥಣಿಯಲ್ಲಿದೆ. ಒಬ್ಬನೇ ಬಲ್ಲ ವಿದ್ಯೆಯೂ ಒಂದೇ ಟ್ರಂಕಿನಲ್ಲಿಟ್ಟ ವಹಿಯಂತೆ ಎಂಬುದನ್ನು ಅವರು ಅನುಭವದಿಂದ ಅರಿತವರು.

ಈಗ ಆ ಹಿರಿಯರು ಸಂಜೆಯ ಹೊತ್ತು ನೆನಪಿನಲ್ಲಿ ಉಳಿದ ಗೀತೆಗಳನ್ನು ಹೇಳುತ್ತಾರೆ. ಫೋನು ಅದನ್ನು ಹಿಡಿದು ಸರ್ವರಿಗೆ ಒಪ್ಪಿಸುತ್ತದೆ. ವಹಿಗಳಲ್ಲಿದ್ದುದೆಲ್ಲ ಮರಳಿ ಬಾರದು. ಬಂದಷ್ಟಾದರೂ ಇನ್ನು ಮುಂದೆ ಒಂದೇ ಮನೆಯ ಸೊತ್ತಾಗಿ ಉಳಿಯುವುದಿಲ್ಲ.

ಶಾಲೆಯ ಬಾಲಕ ಬಾಲಕಿಯರು ಇದರಿಂದ ಎರಡು ಮಾತುಗಳನ್ನು ಗ್ರಹಿಸುವುದು ಯುಕ್ತ. ಗಣಕವು ಹಳತಾಯಿತೆಂದು ಗುಜರಿಗೆ ಹಾಕುವ ಮುನ್ನ ಅದಕ್ಕೆ ತಕ್ಕ ಇನ್ನೊಂದು ಕಾಯಕವುಂಟೆ ಎಂದು ವಿಚಾರಿಸಬೇಕು. ಅದರ ಒಡಲಿನ ಸೀಸವೇ ಮೊದಲಾದ ವಿಷಗಳು ಹೊಲಕ್ಕೂ ಹೊಳೆಗೂ ಸೇರತಕ್ಕವಲ್ಲ. ಇನ್ನು, ಮನೆಯಲ್ಲಿ ಅಜ್ಜ ಅಜ್ಜಿಯರ ಕಂಠವಿದ್ದರೆ, ಹಿರಿಯರ ಕೈಬರಹವಿದ್ದರೆ, ಈ ಮಳೆಗಾಲದ ಮೊದಲೇ ಅದಕ್ಕೊಂದು ಪ್ರತಿ ಮಾಡಿ ಮತ್ತೊಂದು ಊರಿನ ನಂಟರ ಮನೆಯಲ್ಲಿರಿಸಬೇಕು.